ಬೇವು ಹಚ್ಚಿದ ರಾತ್ರಿ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ನಿನ್ನೆ ಫೋನ್ ಇಟ್ಟ ಮೇಲೆ ನಿದ್ದೆ ಬರಲಿಲ್ಲ. ಜರ್ಮನ್ ಭಾಷೆಯ ಬಿ2 ಮಟ್ಟದ ಪರೀಕ್ಷೆ ಎರಡನೇ ಸಲವೂ ಫೇಲಾಯಿತು ಅಂದೆಯಲ್ಲ, ಅದಕ್ಕಲ್ಲ. (ಕಿಟೆಲ್ ಸಾಹೇಬರು ಜರ್ಮನಿಯಿಂದ ಇಲ್ಲಿಗೆ 1853ರಲ್ಲಿ ಬಂದರು, ಅವರ ಕನ್ನಡ ನಿಘಂಟು ಹೊರಬಂದದ್ದು 1894ರಲ್ಲಿ. ನೀನು ಶುರು ಮಾಡಿ ಇನ್ನೂ ಒಂದೂವರೆ ವರ್ಷ.) ಆಮೇಲೆ ಮೆಲ್ಲಗೆ ಇನ್ನೊಂದು ಮಾತು ಅಂದೆ, "ಅವ್ವಾ, ಸಂಡೇ ಸ್ಕೂಲಿನ್ಯಾಗ ಇದ್ದಾಗಿನಂಗ ನಂಬಾಕ ಆಗವಲ್ದು" ಅಂತ. ಅದು ತಲೆಯಲ್ಲೇ ಕೂತಿದೆ.

ಆಗ ಹೇಗೆ ನಂಬುತ್ತಿದ್ದೆ, ನೆನಪಿದೆಯಾ? ಯೇಸಪ್ಪಾ ಕೆಂಪು ಸೈಕಲ್ ಕೊಡು ಅಂತ ಪ್ರಾರ್ಥನೆ ಮಾಡಿ, ಬೆಳಗ್ಗೆ ಎದ್ದ ಕೂಡಲೇ ಬಾಗಿಲು ತೆಗೆದು ಕಟ್ಟೆ ಮೇಲೆ ನೋಡುತ್ತಿದ್ದೆ. ಅದೂ ಚೆಂದವೇ. ಆದರೆ ಮಕ್ಕಳಂತೆ ಆಗಿರಿ ಅಂತ ಯೇಸುಸ್ವಾಮಿ ಹೇಳಿದ್ದು ಬರೀ ಇದನ್ನೇ ಅಂತ ನನಗೆ ಈಗ ಅನ್ನಿಸಲ್ಲ. ಅವತ್ತು ಜನ ಸ್ವಾಮಿಯ ಹತ್ತಿರ ಎತ್ತಿಕೊಂಡು ಬಂದದ್ದು ಕೂಸುಗಳನ್ನು, ಲೂಕ ತನ್ನ ಸುವಾರ್ತೆಯಲ್ಲಿ ಹಾಗೇ ಬರೆದಿದ್ದಾನೆ. ಕೂಸಿಗೆ ವಚನ ಬಾಯಿಪಾಠ ಬರುತ್ತಾ, ಸಾಕ್ಷಿ ಹೇಳೋಕೆ ಬರುತ್ತಾ? ಯಾರೋ ಎತ್ತಿಕೊಂಡರು, ಬಂತು.

ನಿನಗೆ ಎರಡು ವರ್ಷ ತುಂಬಿ ಮೂರು ತಿಂಗಳಾದರೂ ಹಾಲು ಬಿಟ್ಟಿರಲಿಲ್ಲ. ಆಯಿ ಬೇವಿನ ಎಲೆ ಅರೆದು ಬಟ್ಟಲಲ್ಲಿ ತಂದುಕೊಟ್ಟರು, ಹಚ್ಚಿಕೋ ಅಂದರು. ಬಾಯಿಟ್ಟವಳು ಮುಖ ಕಿವುಚಿಕೊಂಡು ನನ್ನನ್ನೇ ನೋಡಿದೆ. ಆ ನೋಟ ಇವತ್ತಿಗೂ ಮರೆತಿಲ್ಲ. ಬೇರೆ ಯಾರಾದರೂ ಕಹಿ ತಿನ್ನಿಸಿದ್ದರೆ ನನ್ನ ಹತ್ತಿರ ಓಡಿ ಬರುತ್ತಿದ್ದೆ, ತಿನ್ನಿಸಿದವಳು ನಾನೇ, ಇನ್ನೆಲ್ಲಿಗೆ ಹೋಗಬೇಕು? ಮೂರು ರಾತ್ರಿ ಅತ್ತೆ, ಎದೆಗೆ ಗುದ್ದಿದೆ. ನಾನೂ ಗೋಡೆ ಕಡೆ ತಿರುಗಿ ಅತ್ತೆ, ಹಾಲು ಕಟ್ಟಿಕೊಂಡು ಜ್ವರ ಬಂದಿತ್ತು, ಅದು ನಿನಗೆಲ್ಲಿ ಗೊತ್ತಾಗಬೇಕು. ನಾಲ್ಕನೇ ರಾತ್ರಿ ಸೆರಗು ಎಳೆಯಲಿಲ್ಲ, ಏನೂ ಕೇಳಲಿಲ್ಲ. ಬಂದು ತೊಡೆ ಮೇಲೆ ತಲೆಯಿಟ್ಟು, ನನ್ನ ಗಾಜಿನ ಬಳೆ ಒಂದೊಂದಾಗಿ ತಿರುಗಿಸುತ್ತಾ ನಿದ್ದೆ ಹೋದೆ.

(ಬೈಬಲಿನಲ್ಲಿ, ಮಗ ಇಸಾಕನಿಗೆ ಮೊಲೆ ಬಿಡಿಸಿದ ದಿನ ಅಬ್ರಹಾಮ ದೊಡ್ಡ ಔತಣ ಮಾಡಿಸಿದನಂತೆ. ತಾಯಿ ಸಾರಳು ಆ ರಾತ್ರಿ ಹೇಗೆ ಕಳೆದಳು ಅಂತ ಮಾತ್ರ ಬರೆದಿಲ್ಲ.)

ಬಹಳ ವರ್ಷ ಆದ ಮೇಲೆ ಬೈಬಲಿನ 131ನೇ ಕೀರ್ತನೆ ಓದುವಾಗ ತಟ್ಟನೆ ಆ ಬಳೆ ನೆನಪಾಯಿತು. ಮೂರೇ ವಚನದ ಕೀರ್ತನೆ. ಅಲ್ಲಿ ತಾಯಿ ಹತ್ತಿರ ಸುಮ್ಮನೆ ಇರುವುದು ಮೊಲೆ ಬಿಡಿಸಿದ ಕೂಸು, ಗಮನಿಸು. ಬೇಕಾದದ್ದು ಸಿಕ್ಕಿಲ್ಲ ಅದಕ್ಕೆ, ಆದರೂ ಬಂದಿದೆ, ಯಾಕೆಂದರೆ ಅವ್ವ ಅಲ್ಲೇ ಇದ್ದಾಳೆ.

ಇನ್ನೊಂದು ನೋಡು. ನಾಲ್ಕು ಸುವಾರ್ತೆಗಳಲ್ಲಿ ಹುಡುಕಿದರೂ ಸ್ವಾಮಿ 'ಅಬ್ಬಾ' ಅಂತ ಕರೆದದ್ದು ಬರೆದಿರುವುದು ಒಂದೇ ಕಡೆ, ಮಾರ್ಕ 14ರಲ್ಲಿ, ಶಿಲುಬೆಗೆ ಹಾಕುವ ಹಿಂದಿನ ರಾತ್ರಿ ಪ್ರಾರ್ಥಿಸಿದ ಗೆತ್ಸೇಮನೆಯಲ್ಲಿ. ಅಬ್ಬಾ ಅಂದರೆ ಅವರ ಅರಾಮಿಕ್ ಮಾತಲ್ಲಿ ಅಪ್ಪ. ಈ ಪಾತ್ರೆ, ಅಂದರೆ ಈ ಸಂಕಟ, ನನ್ನಿಂದ ತೆಗೆ ಅಂತ ಕೇಳಿದ ರಾತ್ರಿ ಅದು. ತೆಗೆಯಲಿಲ್ಲ. ಯಾಕೆ ಕೆಲವು ಸಲ ಇಲ್ಲ ಅನ್ನುತ್ತಾನೋ ನನಗೂ ಪೂರ್ತಿ ಅರ್ಥವಾಗಿಲ್ಲ. ದೇವರು ನಿನಗೆ ಇದಕ್ಕಿಂತ ದೊಡ್ಡದು ಇಟ್ಟಿದ್ದಾನೆ ಅಂತ ಸಭೆಯಲ್ಲಿ ನಾಲ್ಕು ಜನ ಹೇಳುತ್ತಾರೆ, ನಾನು ಹೇಳಲ್ಲ, ನನಗೇನು ಗೊತ್ತು?

ಸಿಟ್ಟು ಬಂದಿದ್ದರೆ ಸಿಟ್ಟಲ್ಲೇ ಪ್ರಾರ್ಥನೆ ಮಾಡು. ಗುದ್ದು ಬೇಕಾದರೆ. ಅವತ್ತು ನೀನು ಗುದ್ದಿದೆ ಅಂತ ನಾನೇನು ಮಡಿಲಿಂದ ಇಳಿಸಿದ್ದೆನಾ? ಮಾತೇ ಬರದಿದ್ದರೆ ಬೇಡ, ಡ್ಯೂಟಿ ಮುಗಿಸಿ ಬಂದು ಸುಮ್ನೆ ಹತ್ತು ನಿಮಿಷ ಕೂತುಕೋ.

ಶೇಂಗಾ ಚಟ್ನಿ ಕಳಿಸಿದ್ದೇನೆ, ಈ ಸಲ ಖಾರ ಸ್ವಲ್ಪ ಜಾಸ್ತಿ ಆಗಿದೆ, ಮೊಸರು ಹಾಕಿಕೋ. ಮುಂದಿನ ಪರೀಕ್ಷೆ ಫೀಸು ಎಷ್ಟು ಅಂತ ಅಪ್ಪನಿಗೆ ನೀನೇ ಹೇಳು. ನಾನು ಕೇಳಿದರೆ ಹತ್ತು ಲೆಕ್ಕ ಹೇಳುತ್ತಾರೆ, ನೀನು ಕೇಳಿದರೆ ತುಟಿಪಿಟಕ್ ಅನ್ನದೆ ಕೊಡುತ್ತಾರೆ.

ನಿನ್ನ ಅವ್ವ