ಅದು ದದ್ರುಘ್ನ ಅಲ್ಲ, ಸೀಮೆ ಅಗಸೆ

ಮಾನ್ಯರೇ,

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಔಷಧಿ ಗಿಡಗಳಿಗೆ ಅಂತಲೇ ಒಂದು ಮೂಲೆ ಬಿಟ್ಟಿದ್ದಾರೆ. ಒಳ್ಳೆಯ ಕೆಲಸ. ಆದರೆ ಅಲ್ಲಿ ಈಗ ಹಳದಿ ಹೂ ಬಿಟ್ಟಿರುವ ಒಂದು ಗಿಡದ ಮುಂದೆ 'ದದ್ರುಘ್ನ, ಪ್ರಾಚೀನ ಭಾರತೀಯ ಮೂಲಿಕೆ' ಎಂದು ಬೋರ್ಡು ಹಾಕಿದ್ದಾರೆ. ಇದು ತಪ್ಪು. ಆಳೆತ್ತರ ಮೀರಿದ ಪೊದೆ, ಮೊಳದುದ್ದದ ಎಲೆಗರಿ, ಮೇಣದಬತ್ತಿ ನಿಲ್ಲಿಸಿದ ಹಾಗೆ ನೆಟ್ಟಗಿರುವ ಹೂಗೊನೆ. ಕತ್ತಲಾದರೆ ಎಲೆಗಳು ಜೋಡಿ ಜೋಡಿಯಾಗಿ ಮಡಚಿಕೊಳ್ಳುತ್ತವೆ. ಇದು ಸೀಮೆ ಅಗಸೆ.

ಸಂಸ್ಕೃತದ ದದ್ರುಘ್ನ ಅಂದರೆ ನಮ್ಮ ತಗಚೆ. ಮಳೆ ಬಿದ್ದರೆ ಬೇಲಿ ಬದಿಯಲ್ಲಿ ತಾನಾಗಿ ಹುಟ್ಟುತ್ತದಲ್ವಾ, ಮೊಣಕಾಲೆತ್ತರದ್ದು, ಅದೇ. ತುಳುನಾಡಿನವರು ಆಟಿ ತಿಂಗಳಲ್ಲಿ ತಿನ್ನುವ ತಜಂಕ್ ಕೂಡ ಅದೇ. ತಗಚೆ, ಸೀಮೆ ಅಗಸೆ ಎರಡೂ ಹುಳುಕಡ್ಡಿಗೆ ಮದ್ದು. ಹಿಂದಿಯಲ್ಲಿ ಸೀಮೆ ಅಗಸೆಗೆ 'ದಾದ್ ಮರ್ದನ್' ಅನ್ನುತ್ತಾರೆ. ಸಂಸ್ಕೃತದ ದದ್ರು, ಹಿಂದಿಯ ದಾದ್ ಎರಡೂ ಹುಳುಕಡ್ಡಿಯೇ. ಗೊಂದಲ ಅಲ್ಲಿಂದಲೇ ಹುಟ್ಟಿರಬೇಕು.

ಸೀಮೆ ಅಗಸೆಯ ತವರು ಮೆಕ್ಸಿಕೊ ಮತ್ತು ಅದರ ತೆಂಕಲಿನ ಅಮೆರಿಕದ ಬಿಸಿನಾಡುಗಳು. ಹೊರಗಿನಿಂದ ಬಂದದ್ದಕ್ಕೆ ನಮ್ಮ ಹಿರಿಯರು ಸೀಮೆ ಅಂತ ಸೇರಿಸುತ್ತಿದ್ದರು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ, ಸೀಮೆಹುಣಸೆ. ತಮಿಳರೂ ಇದನ್ನು 'ಸೀಮೈ ಅಗತ್ತಿ' ಅನ್ನುತ್ತಾರೆ. ಫಿಲಿಪೈನ್ಸಿನಲ್ಲಿ ಇದರ ಹೆಸರು 'ಅಕಪುಲ್ಕೊ'. ಮೆಕ್ಸಿಕೊದ ಬಂದರು ಅಕಪುಲ್ಕೊದಿಂದ ಮನಿಲಾಗೆ 1815ರವರೆಗೂ ಸ್ಪೇನಿನ ಹಡಗುಗಳು ಓಡಾಡುತ್ತಿದ್ದವು. ಬಂದ ದಾರಿಯೇ ಹೆಸರಲ್ಲಿ ಉಳಿದುಕೊಂಡಿದೆ! ಫಿಲಿಪೈನ್ಸಿನ ಆರೋಗ್ಯ ಇಲಾಖೆ ಶಿಫಾರಸು ಮಾಡಿದ ಹತ್ತು ಔಷಧಿ ಗಿಡಗಳಲ್ಲಿ ಇದೂ ಒಂದು. ಹೊರಗಿನದು ಅಂದ ಮಾತ್ರಕ್ಕೆ ಇದರ ಗುಣಕ್ಕೇನೂ ಕೊರತೆಯಿಲ್ಲ.

ಒಂದು ಹೆಸರಿಗಾಗಿ ಇಷ್ಟು ಯಾಕೆ ಅಂತ ಕೇಳಬಹುದು. ಎರಡು ವರ್ಷದ ಹಿಂದೆ ಒಂದು ನರ್ಸರಿಯಲ್ಲಿ ಅಗಸೆ ಸಸಿ ಕೇಳಿದೆವು. ನಮಗೆ ಬೇಕಿದ್ದದ್ದು ಎಲೆಬಳ್ಳಿ ತೋಟದಲ್ಲಿ ಬಳ್ಳಿ ಹಬ್ಬಿಸಲು ಬೆಳೆಸುವ ಬಿಳಿ ಹೂವಿನ ಅಗಸೆ. ಕೊಟ್ಟದ್ದು ಇದನ್ನು. ನಮಗೂ ಗೊತ್ತಾಗಲಿಲ್ಲ. ಗಿಡ ಚಿಗುರಿತು ಅಂತ ಅತ್ತಿಗೆ ಎಳೆ ಸೊಪ್ಪು ಕೊಯ್ದು, ತೆಂಗಿನಕಾಯಿ ತುರಿ ಹಾಕಿ ಪಲ್ಯ ಮಾಡಿದರು. ರಾತ್ರಿಯಿಡೀ ಮನೆಮಂದಿಗೆಲ್ಲ ಭೇದಿ. ಏಳು ವರ್ಷದ ಮಗಳಿಗೆ ಬೆಳಗಿನ ಜಾವ ಡ್ರಿಪ್ಸ್ ಹಾಕಿಸಬೇಕಾಯಿತು. ಸೋನಾಮುಖಿ ಸೊಪ್ಪಿನ ಹಾಗೆ ಇದೂ ಹೊಟ್ಟೆ ತೊಳೆಯುವ ಸೊಪ್ಪು. ಮುಂದೆ ಹಳದಿ ಹೂ ಬಿಟ್ಟಾಗ ಹಾಲು ಹಾಕುವವರು ನೋಡಿ, "ಅಕ್ಕಾ, ಇದು ಹಚ್ಚೋ ಸೊಪ್ಪು, ತಿನ್ನೋದಲ್ಲ" ಅಂದರು. ಅವರ ಊರಲ್ಲಿ ಎಲೆ ಅರೆದು ನಿಂಬೆರಸದಲ್ಲಿ ಕಲಸಿ ಹುಳುಕಡ್ಡಿಗೆ ಹಚ್ಚುತ್ತಾರಂತೆ.

ಈಗ ಪಾರ್ಕಿನ ಬೋರ್ಡು ನೋಡಿದಾಗಲೆಲ್ಲ ಆ ರಾತ್ರಿ ನೆನಪಾಗುತ್ತದೆ. ತಗಚೆ ಪಲ್ಯ ಮಾಡುವವರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. ದದ್ರುಘ್ನ ಅಂದರೆ ತಗಚೆ ಎಂದು ತಿಳಿದವರು ಬೋರ್ಡು ನಂಬಿ ಇದರ ಚಿಗುರು ಚಿವುಟಿಕೊಂಡು ಹೋದರೆ? ಸಂಬಂಧಪಟ್ಟವರು ದಯವಿಟ್ಟು ಅಲ್ಲಿ ದೊಡ್ಡ ಅಕ್ಷರದಲ್ಲಿ 'ಸೀಮೆ ಅಗಸೆ, ತವರು ಮೆಕ್ಸಿಕೊ ಕಡೆ, ಹಚ್ಚಲು ಮಾತ್ರ' ಎಂದು ಬರೆಸಲಿ. ಹಳೆಯ ಬೋರ್ಡನ್ನು ಬಿಸಾಡುವುದು ಬೇಡ. ಮಳೆಗಾಲದಲ್ಲಿ ಅದೇ ಪಾರ್ಕಿನ ಕಾಂಪೌಂಡ್ ಉದ್ದಕ್ಕೂ ತಗಚೆ ಹುಟ್ಟುತ್ತದೆ, ಅದರ ಪಕ್ಕ ನೆಟ್ಟರೆ ಸರಿಹೋಗುತ್ತದೆ.

– ಒಬ್ಬ ಓದುಗಿ