ಮಕ್ಕಳ ಎಂಡಿಆರ್ ಕ್ಷಯಕ್ಕೆ ಮಕ್ಕಳ ಮಾತ್ರೆಯೇ ಬರಲಿ

ಮಾನ್ಯ ಸಂಪಾದಕರೇ,

ಔಷಧಿ ನಿರೋಧಕ ಕ್ಷಯಕ್ಕೆ ಆರೇ ತಿಂಗಳಲ್ಲಿ ಮುಗಿಯುವ, ನಾಲ್ಕು ಔಷಧಿಗಳ ‘ಬಿಪಾಲ್‌ಎಂ’ ಚಿಕಿತ್ಸೆಗೆ ಕೇಂದ್ರ ಆರೋಗ್ಯ ಸಚಿವಾಲಯ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಾಗ ತುಂಬಾ ಸಂತೋಷಪಟ್ಟವರಲ್ಲಿ ನಾನೂ ಒಬ್ಬಳು. ಆದರೆ ಅದು 14 ವರ್ಷ ತುಂಬಿದವರಿಗೆ ಮಾತ್ರ. ಅದರಲ್ಲಿರುವ ಪ್ರೆಟೋಮನಿಡ್ ಎಂಬ ಔಷಧಿಯನ್ನು ಚಿಕ್ಕ ಮಕ್ಕಳಿಗೆ ಕೊಡಲು ಬೇಕಾದಷ್ಟು ಆಧಾರ ಇನ್ನೂ ಸಿಕ್ಕಿಲ್ಲ. ಹಾಗಾದರೆ ಮೂರು ವರ್ಷದ, ಏಳು ವರ್ಷದ ಮಕ್ಕಳ ಗತಿಯೇನು? ತಾಲ್ಲೂಕು ಆಸ್ಪತ್ರೆಯ ಔಷಧಿ ಕಿಟಕಿಯ ಹಿಂದೆ ನಿಂತು ಕೆಲಸ ಮಾಡಿ ನಿವೃತ್ತಳಾದ ನಾನು ಈ ಒಂದು ಪ್ರಶ್ನೆಗಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ಕ್ಷಯದ ಮುಖ್ಯ ಔಷಧಿಗಳಾದ ರಿಫಾಂಪಿಸಿನ್, ಐಸೋನಿಯಾಜಿಡ್ ಎರಡಕ್ಕೂ ಬಗ್ಗದ ಕ್ಷಯವನ್ನು ಎಂಡಿಆರ್ ಟಿ.ಬಿ. ಎನ್ನುತ್ತೇವೆ. ಜಗತ್ತಿನಲ್ಲಿ ವರ್ಷಕ್ಕೆ ಅಂದಾಜು 25ರಿಂದ 32 ಸಾವಿರ ಮಕ್ಕಳಿಗೆ ಇದು ಬರುತ್ತದೆ. ಹಿಂದೆ ಇದಕ್ಕೆ ಕ್ಯಾನಾಮೈಸಿನ್ ಇಂಜೆಕ್ಷನ್ನನ್ನು ತಿಂಗಳುಗಟ್ಟಲೆ ದಿನವೂ ಚುಚ್ಚಬೇಕಿತ್ತು. ಮಾತ್ರೆಗಳು ಎರಡು ವರ್ಷ. ಕಾಯಿಲೆ ವಾಸಿಯಾದರೂ ಎಷ್ಟೋ ಜನರ ಕಿವಿ ಹೋಯಿತು. ಮಾತು ಕಲಿಯುವ ವಯಸ್ಸಿನ ಮಗುವಿಗೆ ಕಿವಿ ಹೋದರೆ ಮಾತೂ ಹೋದಂತೆ. ಹೀಗೆ ಕ್ಷಯದ ಚಿಕಿತ್ಸೆಯಿಂದ ಶ್ರವಣಶಕ್ತಿ ಕಳೆದುಕೊಂಡ ನಮ್ಮ ದೇಶದ ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕಾದ ಫುಮೆಜಾ ಟಿಸಿಲೆ ಎಂಡಿಆರ್ ಕ್ಷಯಕ್ಕೆ ಕೊಡುವ ಬೆಡಾಕ್ವಿಲಿನ್ ಮಾತ್ರೆಯ ಪೇಟೆಂಟ್ ವಿಸ್ತರಣೆಯನ್ನು ವಿರೋಧಿಸಿ ಅರ್ಜಿ ಹಾಕಿದರು. 2023ರ ಮಾರ್ಚ್‌ನಲ್ಲಿ ಭಾರತದ ಪೇಟೆಂಟ್ ಕಚೇರಿ ಆ ವಿಸ್ತರಣೆಯನ್ನು ತಿರಸ್ಕರಿಸಿತು. ಇವತ್ತು ಆ ಮಾತ್ರೆಯನ್ನು ನಮ್ಮ ದೇಶದ ಕಂಪನಿಗಳೂ ಮಾಡಬಹುದಾಗಿದ್ದರೆ ಅದರಲ್ಲಿ ಆ ಇಬ್ಬರು ಹೆಣ್ಣುಮಕ್ಕಳ ಪಾಲು ದೊಡ್ಡದು.

ಈಗ ಇಂಜೆಕ್ಷನ್ ಹೋಗಿ ಬಾಯಿಂದ ತೆಗೆದುಕೊಳ್ಳುವ ಔಷಧಿಗಳೇ ಬಂದಿವೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬೆಡಾಕ್ವಿಲಿನ್, ಡೆಲಾಮನಿಡ್ ಎರಡನ್ನೂ ಎಲ್ಲ ವಯಸ್ಸಿನ ಮಕ್ಕಳಿಗೂ ಕೊಡಬಹುದೆಂದು ಹೇಳಿತು. ಯಾವ ಮಾತ್ರೆ ಮೇಲು ಎಂದು ಹೋಲಿಸುವಾಗ ತಜ್ಞರು ಕಫ ಪರೀಕ್ಷೆ, ಸಾವಿನ ಪ್ರಮಾಣ, ರೋಗ ಮರುಕಳಿಸುವುದನ್ನು ನೋಡುತ್ತಾರೆ. ನೋಡಲೇಬೇಕು. ಆದರೆ ಔಷಧಿ ಕಿಟಕಿಯ ಈಚೆ ನಿಂತವರಿಗೆ ಬೇರೆಯದೂ ಕಾಣುತ್ತದೆ.

ಇದೇ ಚಿಕಿತ್ಸೆಯ ಇನ್ನೊಂದು ಔಷಧಿ ಲಿವೊಫ್ಲಾಕ್ಸಾಸಿನ್ನನ್ನೇ ತೆಗೆದುಕೊಳ್ಳಿ. ಹತ್ತು ಕೆ.ಜಿ. ತೂಗುವ ಮಗುವಿಗೆ ದಿನಕ್ಕೆ 150ರಿಂದ 200 ಮಿಲಿಗ್ರಾಂ ಬೇಕು. ಕೈಗೆ ಸಿಗುವುದು ದೊಡ್ಡವರ 500ರ ಮಾತ್ರೆಯಾದರೆ ಅದನ್ನು ಎಲ್ಲಿ ಕತ್ತರಿಸುವುದು? ಬ್ಲೇಡಿನಲ್ಲಿ ತುಂಡು ಮಾಡಿ, ಕುಟ್ಟಾಣಿಯಲ್ಲಿ ಪುಡಿ ಮಾಡಿ, ಅರ್ಧ ಕಲ್ಲಿಗೇ ಅಂಟಿ, ಉಳಿದ ಕಹಿಯನ್ನು ಬಾಳೆಹಣ್ಣಿನಲ್ಲಿ ಅಡಗಿಸಿ ತಿನ್ನಿಸುತ್ತಿದ್ದ ಅಜ್ಜಿಯೊಬ್ಬರು, “ಈಗ ಬಾಳಿಹಣ್ಣು ನೋಡಿದ್ರನ ಓಡಿ ಹೊಕ್ಕಾನ್ರಿ ಮೇಡಂ” ಎಂದಿದ್ದರು. ಆ ಮಗುವಿನ ಹೊಟ್ಟೆಗೆ ಎಷ್ಟು ಔಷಧಿ ಸೇರಿತು ಎಂದು ಯಾರೂ ಹೇಳಲಾರರು. ನೀರಿನಲ್ಲಿ ಕರಗುವ 100 ಮಿಲಿಗ್ರಾಂನ ಮಕ್ಕಳ ಮಾತ್ರೆ ಇದೆ. ಎರಡು ಮಾತ್ರೆ, ಎರಡು ಚಮಚ ನೀರು, ಅಷ್ಟೆ. ಬೆಡಾಕ್ವಿಲಿನ್ 20, ಡೆಲಾಮನಿಡ್ 25, ಲಿನೆಜೋಲಿಡ್ 150 ಮಿಲಿಗ್ರಾಂಗಳಲ್ಲೂ ಹೀಗೆ ಮಕ್ಕಳಿಗೆಂದೇ ಮಾಡಿದ ಮಾತ್ರೆಗಳಿವೆ. ಅವು ತಾಲ್ಲೂಕಿನ ಕಿಟಕಿವರೆಗೆ ಬರಬೇಕು.

ಹಾಲಿನ ವಿಷಯವನ್ನೂ ಹೇಳಬೇಕು. ಬೆಡಾಕ್ವಿಲಿನ್, ಡೆಲಾಮನಿಡ್ ಊಟದ ಜೊತೆ ಕೊಟ್ಟರೆ ಮೈಗೆ ಚೆನ್ನಾಗಿ ಹಿಡಿಯುತ್ತವೆ. ಲಿವೊಫ್ಲಾಕ್ಸಾಸಿನ್ ಮಾತ್ರ ಹಾಲಿನ ಜೊತೆಗಾಗಲೀ ಕಬ್ಬಿಣಾಂಶದ ಟಾನಿಕ್ ಜೊತೆಗಾಗಲೀ ಹೋದರೆ ಮೈಗೆ ಹತ್ತುವುದು ಕಡಿಮೆ; ಎರಡು ಗಂಟೆಯಾದರೂ ಅಂತರ ಬೇಕು. ನಮ್ಮ ಮಕ್ಕಳು ಶಾಲೆ, ಅಂಗನವಾಡಿಗಳಲ್ಲಿ ಕ್ಷೀರಭಾಗ್ಯದ ಹಾಲು ಕುಡಿಯುತ್ತಾರೆ, ರಕ್ತ ಕಡಿಮೆ ಎಂದು ಟಾನಿಕ್ ಕುಡಿಯುತ್ತಾರೆ. ಎರಡೂ ಒಳ್ಳೆಯದೇ, ನಿಲ್ಲಿಸಬಾರದು. ಹೊತ್ತು ಬೇರೆ ಮಾಡಬೇಕು ಎಂದು ತಾಯಿಗೂ ಆಶಾ ಕಾರ್ಯಕರ್ತೆಗೂ ಯಾರಾದರೂ ಕೂರಿಸಿಕೊಂಡು ಹೇಳಬೇಕು.

ಲಿನೆಜೋಲಿಡ್ ಒಳ್ಳೆಯ ಔಷಧಿ, ಆದರೆ ರಕ್ತಕಣಗಳನ್ನೂ ನರಗಳನ್ನೂ ಕಾಡುತ್ತದೆ. ಕಾಲು ಜುಮ್ಮೆನ್ನುತ್ತಿದೆ ಎಂದು ಮೂರು ವರ್ಷದ ಕೂಸು ಹೇಳುವುದಿಲ್ಲ; ನಡೆಯಲು ಹಠ ಮಾಡುತ್ತದೆ, ಎತ್ತಿಕೋ ಎಂದು ಅಳುತ್ತದೆ. ಮನೆಯವರಿಗೆ ಮೊದಲೇ ತಿಳಿಸಿದ್ದರೆ ಅದು ಬರೀ ಹಠವಲ್ಲ ಎಂದು ಗುರುತಿಸುತ್ತಾರೆ. ಕ್ಲೋಫಾಜಿಮೈನ್ ಎಂಬ ಇನ್ನೊಂದು ಔಷಧಿಯಿಂದ ಮೈಬಣ್ಣ ಕಪ್ಪಾಗುತ್ತದೆ. ಔಷಧಿ ಮುಗಿದ ಮೇಲೆ ನಿಧಾನವಾಗಿ ತಿಳಿಯಾಗುತ್ತದೆ ಎಂದು ಹೇಳದೇ ಹೋದರೆ, ನೆಂಟರಿಷ್ಟರ ಮಾತಿಗೆ ಹೆದರಿ ಅರ್ಧಕ್ಕೇ ಬಿಡುವವರಿದ್ದಾರೆ.

ದಕ್ಷಿಣ ಆಫ್ರಿಕಾದಲ್ಲಿ ನಡೆದ ‘ಬೀಟ್ ಟ್ಯೂಬರ್‌ಕ್ಯುಲೋಸಿಸ್’ ಅಧ್ಯಯನದ ಆಧಾರದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ಈಗ ಪ್ರೆಟೋಮನಿಡ್ ಇಲ್ಲದ ಇನ್ನೊಂದು ಆರು ತಿಂಗಳ ಚಿಕಿತ್ಸೆಯನ್ನು ಶಿಫಾರಸು ಮಾಡಿದೆ: ಬೆಡಾಕ್ವಿಲಿನ್, ಡೆಲಾಮನಿಡ್, ಲಿನೆಜೋಲಿಡ್, ಜೊತೆಗೆ ಲಿವೊಫ್ಲಾಕ್ಸಾಸಿನ್ ಇಲ್ಲವೇ ಕ್ಲೋಫಾಜಿಮೈನ್, ಅಥವಾ ಎರಡೂ. ಇದು ಮಕ್ಕಳಿಗೂ ಗರ್ಭಿಣಿಯರಿಗೂ ಆಗುತ್ತದೆ. ದೊಡ್ಡವರಿಗೆ ಆರು ತಿಂಗಳು ಸಾಕಾಗುವಾಗ ಮಕ್ಕಳು ಮಾತ್ರ ಅದಕ್ಕಿಂತ ಹೆಚ್ಚು ಕಾಲ ಕಹಿ ನುಂಗಬೇಕೆಂಬುದು ನ್ಯಾಯವಲ್ಲ.

ರೋಗ ಬರುವ ಮೊದಲೇ ತಡೆಯುವ ದಾರಿಯೂ ಇದೆ. ದಕ್ಷಿಣ ಆಫ್ರಿಕಾದ ‘ಟಿಬಿ ಚಾಂಪ್’ ಅಧ್ಯಯನದಲ್ಲಿ ಎಂಡಿಆರ್ ರೋಗಿಯಿದ್ದ ಮನೆಗಳ 922 ಮಕ್ಕಳು ಭಾಗವಹಿಸಿದ್ದರು. ಆರು ತಿಂಗಳು ಲಿವೊಫ್ಲಾಕ್ಸಾಸಿನ್ ತೆಗೆದುಕೊಂಡವರಲ್ಲಿ ಶೇ 1.1ರಷ್ಟು, ಹೋಲಿಕೆಗಾಗಿ ಔಷಧಿಯಿಲ್ಲದ ಹುಸಿ ಮಾತ್ರೆ ಪಡೆದವರಲ್ಲಿ ಶೇ 2.6ರಷ್ಟು ಮಕ್ಕಳಿಗೆ ಕ್ಷಯ ಬಂತು. ಕ್ಷಯ ಬಂದ ಮಕ್ಕಳ ಸಂಖ್ಯೆಯೇ ಚಿಕ್ಕದಾದ್ದರಿಂದ ಆ ಒಂದು ಅಧ್ಯಯನವೇ ಪೂರ್ತಿ ಪುರಾವೆಯಾಗಲಿಲ್ಲ. ವಿಯೆಟ್ನಾಂನ ಇನ್ನೊಂದು ಅಧ್ಯಯನವನ್ನೂ ಸೇರಿಸಿ ಲೆಕ್ಕ ಹಾಕಿದಾಗ ಅಪಾಯ ಸುಮಾರು ಶೇ 60ರಷ್ಟು ತಗ್ಗಿದ್ದು ಸ್ಪಷ್ಟವಾಯಿತು. ಅಪ್ಪನಿಗೋ ಅಜ್ಜನಿಗೋ ಎಂಡಿಆರ್ ಎಂದು ಗೊತ್ತಾದ ವಾರದಲ್ಲೇ ಆ ಮನೆಯ ಮಕ್ಕಳನ್ನೆಲ್ಲ ತಪಾಸಣೆ ಮಾಡಬೇಕು. ಮಕ್ಕಳಿಗೆ ಕಫ ಉಗಿಯಲು ಬರುವುದಿಲ್ಲ ಎಂದು ವಾಪಸ್ ಕಳಿಸುವಂತಿಲ್ಲ; ಮಲದಲ್ಲೂ ಕ್ಷಯದ ರೋಗಾಣುವಿನ ಜೀನ್ ಪರೀಕ್ಷೆ ಮಾಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದೆ.

ರಾಜ್ಯ ಆರೋಗ್ಯ ಇಲಾಖೆಗೆ ನನ್ನ ವಿನಂತಿ ಇಷ್ಟು: ನೀರಿನಲ್ಲಿ ಕರಗುವ ಮಕ್ಕಳ ಮಾತ್ರೆಗಳ ದಾಸ್ತಾನು ಯಾವ ಜಿಲ್ಲೆಯಲ್ಲಿ ಎಷ್ಟಿದೆ ಎಂಬುದನ್ನು ಪ್ರತಿ ತಿಂಗಳೂ ಪ್ರಕಟಿಸಲಿ. ಚಿಕಿತ್ಸೆಯಲ್ಲಿರುವ ಮಗುವಿನ ಇಸಿಜಿ, ರಕ್ತಪರೀಕ್ಷೆ, ಕಣ್ಣಿನ ಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲೇ ಒಂದೇ ದಿನ ಮುಗಿಯಲಿ. ಮೂರಕ್ಕೆ ಮೂರು ಸಲ ಜಿಲ್ಲಾ ಕೇಂದ್ರಕ್ಕೆ ಓಡಾಡುವ ಕೂಲಿ ಕುಟುಂಬ ಮೂರು ದಿನದ ದುಡಿಮೆ ಕಳೆದುಕೊಳ್ಳುತ್ತದೆ.

– ನಿವೃತ್ತ ಫಾರ್ಮಸಿ ಅಧಿಕಾರಿ, ಹಾವೇರಿ ಜಿಲ್ಲೆ