ಸ್ಕ್ಯಾನರ್ ಆಮೇಲೆ, ಮೊದಲು ಒಂದು ಒಣ ಕೋಣೆ: ಬೆಳಗಾವಿ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೆ,

ಘಟಪ್ರಭೆಯ ನೀರಿನ ಬಲದಿಂದ ನಡೆದ ಗೋಕಾಕ ಫಾಲ್ಸ್‌ನ ನೂಲಿನ ಗಿರಣಿ, ಹಿಡಕಲ್ ಅಣೆಕಟ್ಟು, ಉದ್ಯಮಬಾಗದ ಫೌಂಡ್ರಿಗಳು, ವಡಗಾವಿಯ ಮಗ್ಗಗಳು: ಇಂಥವುಗಳ ಹಳೆಯ ನೆಗೆಟಿವ್ ಸಿಕ್ಕರೆ ಅದೇ ಮೂಲ ದಾಖಲೆ. ಪ್ರಿಂಟಿನಲ್ಲಿ ಕಪ್ಪು ಮುದ್ದೆಯಾದ ಯಂತ್ರದ ಹಲ್ಲುಚಕ್ರ ಎಷ್ಟೋ ಸಲ ನೆಗೆಟಿವಿನಲ್ಲಿ ಎಣಿಸಲು ಬರುತ್ತದೆ. ಅಟ್ಟ ಖಾಲಿ ಮಾಡುವವರಿಗೆ ಮಾತ್ರ ಅದು ರದ್ದಿ, ಹೆಚ್ಚೆಂದರೆ ಅದರಿಂದ ತೆಗೆದು ಮಾರಬಹುದಾದ ಒಂದಿಷ್ಟು ಬೆಳ್ಳಿ.

ಉಳಿಸುವ ಮಾತು ಬಂದಾಗಲೆಲ್ಲ ಮೊದಲು ಸ್ಕ್ಯಾನರ್ ಖರೀದಿಯ ಕಡತ ಏಳುತ್ತದೆ. ಸ್ಕ್ಯಾನಿಂಗ್ ಕಾಯುತ್ತದೆ, ಕೊಳೆಯುವ ಫಿಲ್ಮ್ ಕಾಯುವುದಿಲ್ಲ.

ಮೊದಲ ಕೆಲಸ ಬೇರ್ಪಡಿಸುವುದು. ಹಳೆಯ ನೆಗೆಟಿವಿನ ತಳ ಗಾಜಿನದಿರಬಹುದು, ಬೇಗ ಹೊತ್ತಿಕೊಳ್ಳುವ ನೈಟ್ರೇಟ್ ಫಿಲ್ಮಿನದಿರಬಹುದು, ಸುಲಭವಾಗಿ ಹೊತ್ತಿಕೊಳ್ಳದ ಅಸಿಟೇಟ್ ಫಿಲ್ಮಿನದಿರಬಹುದು; ಇವು ಒಂದೇ ಪೆಟ್ಟಿಗೆಯಲ್ಲಿ ಇರಬಾರದು. ಅಂಚಿನಲ್ಲಿ ‘ಸೇಫ್ಟಿ’ ಎಂದಿದ್ದರೆ ಸಾಮಾನ್ಯವಾಗಿ ಅಸಿಟೇಟ್. ಅಕ್ಷರವಿಲ್ಲದ, 1951ಕ್ಕಿಂತ ಹಿಂದಿನ ಫಿಲ್ಮನ್ನು ನೈಟ್ರೇಟ್ ಎಂದೇ ತಿಳಿಯಬೇಕು. ತುಂಡು ಸುಟ್ಟು ಪರೀಕ್ಷಿಸುವ ಹುಚ್ಚು ಬೇಡ. ನೈಟ್ರೇಟ್ ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುತ್ತದೆ, ಮುಚ್ಚಿ ಆರಿಸಲಾಗದು. ಹಳದಿಯಾಗಿ, ಅಂಟಾಗಿ, ಗುಳ್ಳೆ ಎದ್ದ ಫಿಲ್ಮ್ ಬೇಸಿಗೆಯ ತಗಡಿನ ಮಾಡಿನ ಕೆಳಗೆ ಇನ್ನೂ ಅಪಾಯಕಾರಿ. ಅದರ ಬಗ್ಗೆ ಅಗ್ನಿಶಾಮಕ ಠಾಣೆಗೆ ತಿಳಿಸಿರಬೇಕು.

ವಿನೆಗರ್ ವಾಸನೆ ಬಂದರೆ ಅಸಿಟೇಟ್ ಕೊಳೆಯುತ್ತಿದೆ. ಆ ಆಮ್ಲ ಪಕ್ಕದ ಫಿಲ್ಮಿಗೂ ಹರಡುತ್ತದೆ. ಫಿಲ್ಮಿನ ತಳ ಕುಗ್ಗುತ್ತದೆ, ಮೇಲೆ ಚಿತ್ರವಿರುವ ಜೆಲಟಿನ್ ಪದರ ಅಷ್ಟು ಕುಗ್ಗುವುದಿಲ್ಲ, ಹಾಗಾಗಿ ಚಿತ್ರ ನೆರಿಗೆಗಟ್ಟುತ್ತದೆ. ಇಂಥವಕ್ಕೆ 4 ಡಿಗ್ರಿಯ ಫ್ರಿಜ್, ಗಾಳಿಯಾಡದ ಚೀಲ. ಹೊರತೆಗೆದ ಮೇಲೆ ಚೀಲ ಬಿಚ್ಚಲು ಒಂದು ದಿನ ಕಾಯಬೇಕು, ಇಲ್ಲವಾದರೆ ಫಿಲ್ಮಿನ ಮೇಲೆಯೇ ನೀರು ಕಟ್ಟುತ್ತದೆ.

ಗಾಜಿನ ಫಲಕಗಳನ್ನು ಒಂದರ ಮೇಲೊಂದು ಪೇರಿಸಿದರೆ ಕೆಳಗಿನವು ಬಿರಿಯುತ್ತವೆ. ಉದ್ದದ ಅಂಚಿನ ಮೇಲೆ ನಿಲ್ಲಿಸಬೇಕು. 12×16.5 ಸೆಂ.ಮೀ.ನ ಹಾಫ್ ಪ್ಲೇಟ್ 2 ಮಿ.ಮೀ. ದಪ್ಪವಿದ್ದರೆ ಸುಮಾರು 100 ಗ್ರಾಂ ತೂಗುತ್ತದೆ. 60 ಫಲಕವೆಂದರೆ 6 ಕಿಲೊ, ಸಾಮಾನ್ಯ ರಟ್ಟಿನ ಡಬ್ಬಿಯ ತಳ ಕಿತ್ತುಬರುತ್ತದೆ. ಒಂದೊಂದಕ್ಕೂ ನಾಲ್ಕು ಮಡಿಕೆಯ, ಆಮ್ಲರಹಿತ ಕಾಗದದ ಹೊದಿಕೆ ಬೇಕು. ನಂಬರನ್ನು ಪೆನ್ಸಿಲಿನಿಂದ, ಫಲಕ ಒಳಗಿಡುವ ಮೊದಲೇ ಬರೆಯಬೇಕು. ಹಳೆಯ ಲಕೋಟೆ ಎಸೆಯಬಾರದು, ಊರು, ಇಸವಿ, ಯಂತ್ರದ ಹೆಸರು ಬೇರೆಲ್ಲೂ ಸಿಗದಿರಬಹುದು. ಧೂಳನ್ನು ಹೊಳಪಿನ ಬದಿಯಿಂದ ಮಾತ್ರ ಮೆದು ಬ್ರಷ್‌ನಲ್ಲಿ ಒರೆಸಬೇಕು. ಚಿತ್ರವಿರುವ, ಹೊಳಪಿಲ್ಲದ ಬದಿಗೆ ಒದ್ದೆ ಬಟ್ಟೆ ತಾಗಿದರೆ ಚಿತ್ರವೇ ಬಟ್ಟೆಗೆ ಬರಬಹುದು.

ಬೆಳಗಾವಿಯ ಮಳೆಗಾಲವೇ ದೊಡ್ಡ ವೈರಿ. ತೇವಾಂಶ ಶೇ. 65 ದಾಟಿತೆಂದರೆ ಬೂಸ್ಟು ಶುರು. ಹೊರಗೋಡೆಯಿಲ್ಲದ, ನೀರಿನ ಪೈಪು ಹಾಯದ ಒಂದು ಕೋಣೆ, ಹಗಲುರಾತ್ರಿ ನಡೆಯುವ ತೇವ ಹೀರುವ ಯಂತ್ರ, ಶೇ. 30ರಿಂದ 40ರ ಗುರಿ. ನಮ್ಮ ಬೇಡಿಕೆ ಇಷ್ಟೇ.

ಜೊತೆಗೆ, ನೀರಾವರಿ ಮತ್ತು ಲೋಕೋಪಯೋಗಿ ಇಲಾಖೆಗಳ ದಾಖಲೆ ಕೋಣೆ ತೆರವಿನ ಟೆಂಡರುಗಳಲ್ಲಿ ಒಂದು ಸಾಲು ಸೇರಿಸಿ: ‘ನೆಗೆಟಿವ್, ಗಾಜಿನ ಫಲಕ ಗುಜರಿಗಲ್ಲ.’

ಇಂತಿ,
ಬೆಳಗಾವಿಯ ಹಳೆ ನೆಗೆಟಿವ್ ಸಂಗ್ರಾಹಕರು